ಹೇಳಿ ಬಡಿಸಿದರೆ ತಪ್ಪೇನು?
(ರಮ್ಮು ಹಾಕಿದ ಕೇಕಿನ ವಿಚಾರ)

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ

ಅಡಿಗೆಯ ವಿಷಯವನ್ನು, ಅದರಲ್ಲಿಯೂ ಮದ್ಯ ಬೆರೆತ ಅಡಿಗೆಯ ವಿಷಯವನ್ನು, ಕಾಲೇಜಿನ ವಾರ್ಷಿಕ ಸಂಚಿಕೆಗೆ ಆರಿಸಿಕೊಂಡದ್ದು ಕೆಲವರಿಗೆ ಹುಡುಗಾಟವಾಗಿ ಕಂಡೀತು. ಸಾಹಿತ್ಯ, ನಿರುದ್ಯೋಗ, ವಿದ್ಯಾರ್ಥಿಗಳ ಶಿಸ್ತು ಇವುಗಳ ಮೇಲೆ ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಬರೆದೇ ಬರೆಯುತ್ತಾರೆ. ನನಗೆ ಹೇಳಬೇಕೆನಿಸಿದ್ದು ಒಂದು ಸಣ್ಣ ಮಾತು. ಡಿಸೆಂಬರ್ ತಿಂಗಳು ಬಂತೆಂದರೆ ಬೇಕರಿಗಳಲ್ಲಿ, ಕಛೇರಿಗಳಲ್ಲಿ, ಸ್ನೇಹಿತರ ಮನೆಗಳಲ್ಲಿ ಕಪ್ಪು ಬಣ್ಣದ ಪ್ಲಮ್ ಕೇಕು ಕೈಯಿಂದ ಕೈಗೆ ಹೋಗುತ್ತದೆ. ಯಾರಾದರೂ ಅನುಮಾನದಿಂದ "ಇದರಲ್ಲಿ ರಮ್ಮು ಇದೆಯೆ?" ಎಂದು ಕೇಳಿದರೆ, ಕೊಡುವವರು ನಗುತ್ತ, "ಇದ್ದರೇನು, ಬೇಯುವಾಗ ಎಲ್ಲ ಆರಿಹೋಗುತ್ತದೆ" ಎಂದುಬಿಡುತ್ತಾರೆ. ಈ ಮಾತು ನಿಜವಲ್ಲ ಎಂಬುದು ನನ್ನ ಮೊದಲನೆಯ ವಾದ. ನಿಜವಾಗಿದ್ದರೂ ಅದು ಕೇಳಿದವನ ಪ್ರಶ್ನೆಗೆ ಉತ್ತರವಾಗುವುದಿಲ್ಲ ಎಂಬುದು ಎರಡನೆಯದು.

ರಮ್ಮಿನ ಕೇಕನ್ನು ಯಾರೂ ಮಾಡಕೂಡದು, ತಿನ್ನಕೂಡದು ಎಂದು ನಾನು ಹೇಳಹೊರಟಿಲ್ಲ. ಹಾಗೆ ಹೇಳುವವರಿಗೆ ಆ ಪದಾರ್ಥದ ಚರಿತ್ರೆ ಗೊತ್ತಿಲ್ಲ. ಅಡಿಗೆಮನೆಯಲ್ಲಿ ರಮ್ಮಿಗೆ ಇರುವ ಸ್ಥಾನ ನಿನ್ನೆ ಮೊನ್ನೆಯದಲ್ಲ. ಅದನ್ನು ಅಲ್ಲಿಗೆ ತಂದವರು ವಿಲಾಸಿಗಳು ಮಾತ್ರವೂ ಅಲ್ಲ.

ರಮ್ಮು ಕಬ್ಬಿನ ಮಗು. ನಮ್ಮ ಕಡೆ ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಪಾಕ ಬಂದಮೇಲೆ ಅಚ್ಚಿಗೆ ಹೊಯ್ದು ಬೆಲ್ಲ ಮಾಡುತ್ತಾರೆ. ಆ ಬೆಲ್ಲದಲ್ಲಿ ಸಿಹಿಯೂ ಇದೆ, ಕಪ್ಪೂ ಇದೆ, ಮಣ್ಣಿನ ರುಚಿಯೂ ಇದೆ, ಯಾವುದನ್ನೂ ಬೇರ್ಪಡಿಸುವುದಿಲ್ಲ. ಕಾರ್ಖಾನೆಯಲ್ಲಿಯಾದರೆ ಬಿಳಿಯ ಹರಳನ್ನು ತೆಗೆದುಕೊಂಡು, ಇನ್ನು ಹರಳುಗಟ್ಟಲಾರದ ಕಪ್ಪು ಪಾಕವನ್ನು ಬೇರೆ ಮಾಡುತ್ತಾರೆ. ಅದೇ ಕಾಕಂಬಿ. ಒಂದು ಟನ್ನು ಕಬ್ಬಿಗೆ ಸುಮಾರು ೪೦-೪೫ ಕಿಲೋ ಕಾಕಂಬಿ ಬರುತ್ತದೆ. ಕಾಕಂಬಿಗೆ ನೀರು ಬೆರೆಸಿ ಹುದುಗಿಸಿ ಭಟ್ಟಿ ಇಳಿಸಿದರೆ ಬರುವ ಮದ್ಯವನ್ನು ಮರದ ಪೀಪಾಯಿಯಲ್ಲಿ ಕೆಲವು ವರ್ಷ ಇಟ್ಟಾಗ ಕಪ್ಪು ರಮ್ಮು ಸಿದ್ಧವಾಗುತ್ತದೆ. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ನಮ್ಮ ರೈತರಿಗೂ ಕಾಕಂಬಿಯ ವಾಸನೆ ಹೊಸದಾಗಿ ಉಳಿಯಲಿಲ್ಲ. ಕಬ್ಬು ತುಂಬಿದ ಗಾಡಿಯನ್ನು ಕಾರ್ಖಾನೆಯ ಬಾಗಿಲಲ್ಲಿ ರಾತ್ರಿಯೆಲ್ಲ ನಿಲ್ಲಿಸಿಕೊಂಡು ಕಾದವರಿಗೆ ಆ ವಾಸನೆ ಏನೆಂದು ನಾನು ವಿವರಿಸಬೇಕಾಗಿಲ್ಲ.

ಆದರೆ ರಮ್ಮಿನ ತವರು ನಮ್ಮ ನಾಡಲ್ಲ. ಹದಿನೇಳನೆಯ ಶತಮಾನದಲ್ಲಿ ಕೆರೀಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರು ಕಬ್ಬಿನ ತೋಟಗಳನ್ನು ಹಾಕಿದರು. ಕಡಿಯುವವರು, ಅರೆಯುವವರು, ಕಾಯಿಸುವವರು ಎಲ್ಲರೂ ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಸಕ್ಕರೆ ಒಡೆಯರ ಪಾಲಾಯಿತು; ಬಿಸಾಡುವ ಕಾಕಂಬಿಯಿಂದ ಒಂದು ಮದ್ಯ ಹುಟ್ಟಿತು. ಮೊದಮೊದಲು ಅದಕ್ಕೆ ಇಟ್ಟ ಹೆಸರುಗಳಲ್ಲೊಂದರ ಅರ್ಥ 'ಸೈತಾನನನ್ನೇ ಕೊಲ್ಲುವಂಥದು' ಎಂದು. ೧೬೫೫ರಲ್ಲಿ ಇಂಗ್ಲಿಷರು ಜಮೈಕಾವನ್ನು ಗೆದ್ದುಕೊಂಡ ಮೇಲೆ ಅವರ ನೌಕಾಪಡೆಯಲ್ಲಿ ರಮ್ಮು ಹಂಚುವ ಪದ್ಧತಿ ಬೆಳೆಯಿತು. ನಾವಿಕರಿಗೆ ದಿನವಹಿ ಅಳೆದು ಕೊಡುವ ಆ ಪದ್ಧತಿ ನಿಂತದ್ದು ೧೯೭೦ನೆಯ ಜುಲೈ ೩೧ರಂದು. ಆ ಸಕ್ಕರೆಯ ವ್ಯಾಪಾರಕ್ಕೂ ನಮಗೂ ಸಂಬಂಧವಿಲ್ಲವೆಂದು ತಿಳಿಯಬೇಡಿ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡಾಗ ತೋಟಗಳಿಗೆ ಆಳು ಸಾಲದಾಯಿತು. ಆಗ ಕರಾರಿನ ಕೂಲಿಗಳೆಂದು ಹೆಬ್ಬೆಟ್ಟು ಒತ್ತಿಸಿಕೊಂಡು ಭಾರತೀಯರನ್ನು ಹಡಗು ಹತ್ತಿಸಿದರು: ೧೮೩೮ರಲ್ಲಿ ಗಯಾನಾಕ್ಕೆ, ೧೮೪೫ರಲ್ಲಿ ಜಮೈಕಾ ಮತ್ತು ಟ್ರಿನಿಡಾಡಿಗೆ. ಕಲ್ಕತ್ತೆಯಿಂದ ಹೋದವರೇ ಹೆಚ್ಚು. ಮದರಾಸಿನಿಂದಲೂ ಹಡಗುಗಳು ಹೊರಟವು. ಗುಲಾಮರು ಬಿಟ್ಟ ಕತ್ತಿಯನ್ನು ನಮ್ಮವರು ಹಿಡಿದರು.

ಆ ದ್ವೀಪಗಳಲ್ಲಿ ಹುಟ್ಟಿದ್ದೇ ಕಪ್ಪು ಕೇಕು. ಇಂಗ್ಲಿಷರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಒಣಹಣ್ಣಿನ ಪುಡ್ಡಿಂಗು ಮಾಡುವ ಸಂಪ್ರದಾಯವಿತ್ತು. ಅದಕ್ಕೆ ಬ್ರಾಂಡಿ ಬೇಕು. ಬ್ರಾಂಡಿ ಸಮುದ್ರದಾಚೆಯಿಂದ ಬರಬೇಕು, ರಮ್ಮು ಅಂಗಳದಲ್ಲೇ ಇದೆ. ಒಣದ್ರಾಕ್ಷಿ, ಕಪ್ಪುದ್ರಾಕ್ಷಿ, ಚೆರ್ರಿ, ಸಕ್ಕರೆಯಲ್ಲಿ ಪಾಕಗೊಳಿಸಿದ ಕಿತ್ತಳೆಯ ಸಿಪ್ಪೆ ಎಲ್ಲವನ್ನೂ ಕೊಚ್ಚಿ ಅಥವಾ ಅರೆದು, ರಮ್ಮು ಮತ್ತು ಕೆಂಪು ವೈನಿನಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾರೆ. ಕೆಲವು ಮನೆಗಳಲ್ಲಿ ಈ ವರ್ಷದ ಕೇಕು ಮುಗಿದೊಡನೆ ಮುಂದಿನ ವರ್ಷದ ಹಣ್ಣಿನ ಜಾಡಿ ತುಂಬುತ್ತದೆ. ನಮ್ಮ ಅಜ್ಜಿಯಂದಿರು ಉಪ್ಪಿನಕಾಯಿಯ ಜಾಡಿಯನ್ನು ನೋಡಿಕೊಳ್ಳುವಷ್ಟೇ ಮಡಿಯಿಂದ ಅದನ್ನು ನೋಡಿಕೊಳ್ಳುತ್ತಾರೆ. ಸಕ್ಕರೆಯನ್ನು ಕರಕಾಗುವ ತನಕ ಸುಟ್ಟು, ನೀರು ಚಿಮುಕಿಸಿ, ಆ ಕಪ್ಪು ಪಾಕವನ್ನು ಹಿಟ್ಟಿಗೆ ಬೆರೆಸುವುದರಿಂದ ಕೇಕು ಇದ್ದಿಲಿನಂತೆ ಕಪ್ಪಾಗುತ್ತದೆ. ಬೆಂದು ಹೊರಬಂದ ಮೇಲೆ ಮತ್ತೆ ಅದರ ತಲೆಯ ಮೇಲೆ ರಮ್ಮು. ಒಡೆಯರ ಅಡಿಗೆಮನೆಯಲ್ಲಿ ದುಡಿದವರು ಒಡೆಯರ ತಿಂಡಿಯನ್ನು ತಮ್ಮದನ್ನಾಗಿ ಮಾಡಿಕೊಂಡರು. ಇಂದು ಅದು ಜಮೈಕಾ, ಟ್ರಿನಿಡಾಡ್, ಗಯಾನಾಗಳ ಮದುವೆ ಮತ್ತು ಕ್ರಿಸ್ಮಸ್ಸಿನ ಕೇಕು. ಭಾರತೀಯ ಮೂಲದ ಮನೆಗಳಲ್ಲಿಯೂ ಅದನ್ನು ಮಾಡುತ್ತಾರೆ. ಇದನ್ನು ಕೇವಲ ಕುಡುಕರ ತಿಂಡಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಯೂರೋಪಿನಲ್ಲಿ ರಮ್ಮಿನ ಕಥೆ ಬೇರೆ. ಹದಿನೆಂಟನೆಯ ಶತಮಾನದಲ್ಲಿ ಪೋಲೆಂಡಿನ ಪದಚ್ಯುತ ದೊರೆ ಸ್ಟಾನಿಸ್ಲಾಸನ ಆಸ್ಥಾನದಲ್ಲಿ ಸ್ಟೋರೆರ್ ಎಂಬ ಮಿಠಾಯಿಗಾರನಿದ್ದ. ದೊರೆಯ ಮಗಳು ೧೭೨೫ರಲ್ಲಿ ಫ್ರಾನ್ಸಿನ ಹದಿನೈದನೆಯ ಲೂಯಿಯನ್ನು ಮದುವೆಯಾದಾಗ ಅವನೂ ಆಕೆಯ ಪರಿವಾರದೊಡನೆ ಬಂದು, ೧೭೩೦ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ. ಒಣಗಿದ ರೊಟ್ಟಿಯಂಥ ಕೇಕನ್ನು ಸಿಹಿ ಮದ್ಯದಲ್ಲಿ ನೆನೆಸಿ ಮೆತ್ತಗೆ ಮಾಡಿದ 'ಬಾಬಾ' ಎಂಬ ತಿಂಡಿ ಅವನ ಹೆಸರಿನೊಡನೆ ಸೇರಿಕೊಂಡಿದೆ. ರಮ್ಮು ಅದಕ್ಕೆ ಬಂದದ್ದು ಆಮೇಲೆ. ಬಾಬಾವನ್ನು ನಾನು ಕಣ್ಣಿನಿಂದ ನೋಡಿಲ್ಲ, ನಿಜ. ಆದರೆ ನಮ್ಮ ಅಯ್ಯಂಗಾರ್ ಬೇಕರಿಯ ಹನಿಕೇಕನ್ನು ತಿಂದವರಿಗೆ ಅದರ ಮರ್ಮ ಅರ್ಥವಾಗುತ್ತದೆ. ಅಲ್ಲಿ ಸಕ್ಕರೆ ಪಾಕದಲ್ಲಿ ರಮ್ಮು, ಇಲ್ಲಿ ಸಕ್ಕರೆ ಪಾಕದಲ್ಲಿ ಜೇನು. ಮಿಕ್ಕದ್ದೆಲ್ಲ ಒಂದೇ ವಂಶ. ಜರ್ಮನರು ಬೇಸಗೆಯ ಒಂದೊಂದು ಹಣ್ಣನ್ನೂ ಸಕ್ಕರೆಯೊಡನೆ ಕಲ್ಲಿನ ಭರಣಿಗೆ ಹಾಕಿ ಮೇಲೆ ರಮ್ಮು ಸುರಿದು, ಚಳಿಗಾಲದ ಹಬ್ಬಕ್ಕೆ ಬಾಯಿ ತೆರೆಯುತ್ತಾರೆ. ಅಮೆರಿಕದ ನ್ಯೂ ಆರ್ಲಿಯನ್ಸಿನ ಬ್ರೆನ್ನನ್ಸ್ ಹೋಟೆಲಿನಲ್ಲಿ ೧೯೫೧ರಲ್ಲಿ ಬಾಳೆಹಣ್ಣನ್ನು ಬೆಣ್ಣೆ ಸಕ್ಕರೆಯಲ್ಲಿ ಬಾಡಿಸಿ, ರಮ್ಮು ಹೊಯ್ದು, ಗಿರಾಕಿಯ ಮುಂದೆಯೇ ಬೆಂಕಿ ಹಚ್ಚುವ ಒಂದು ಭಕ್ಷ್ಯವನ್ನು ಕಂಡುಹಿಡಿದರು. ನೀಲಿ ಜ್ವಾಲೆ ಎದ್ದು ಆರುವುದನ್ನು ನೋಡಿದವರಿಗೆ ಮದ್ಯವೆಲ್ಲ ಸುಟ್ಟುಹೋಯಿತೆಂದೇ ತೋರುತ್ತದೆ. ಆ ಭ್ರಮೆಗೆ ಮುಂದೆ ಬರುತ್ತೇನೆ.

ನಮ್ಮ ದೇಶದಲ್ಲಿ ಪ್ಲಮ್ ಕೇಕಿನ ಆರಂಭವನ್ನು ತಲಚೇರಿಗೆ ಒಯ್ದು ಮುಟ್ಟಿಸುತ್ತಾರೆ. ೧೮೮೩ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನಿಂದ ತರಿಸಿದ ಕೇಕೊಂದನ್ನು ಮಂಬಳ್ಳಿ ಬಾಪು ಎಂಬ ಬಿಸ್ಕತ್ತಿನ ಕಾರ್ಖಾನೆಯವರ ಮುಂದಿಟ್ಟು ಇಂಥದೇ ಮಾಡಿಕೊಡು ಎಂದನಂತೆ. ಬ್ರಾಂಡಿ ಹಾಕಬೇಕೆಂದು ಅವನು ಹೇಳಿದರೂ ಬಾಪು ಊರಿನ ಗೇರುಹಣ್ಣು ಮತ್ತು ಬಾಳೆಹಣ್ಣಿನಿಂದ ಇಳಿಸಿದ ಮದ್ಯವನ್ನೇ ಹಾಕಿ ಗೆದ್ದರೆಂಬುದು ಕಥೆ. ಬರಬರುತ್ತ ನಮ್ಮ ಕೇಕುಗಳಿಗೆ ರಮ್ಮೇ ರೂಢಿಯಾಯಿತು. ಕಬ್ಬಿನ ನಾಡಿನಲ್ಲಿ ಅದೇ ಅಗ್ಗ, ಅದೇ ಸುಲಭ. ೧೯೫೪ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ ಮಾಂಕ್ ಎಂಬ ಕಪ್ಪು ರಮ್ಮು ಕುಡಿಯದವರ ಮನೆಗಳಿಗೂ ವರ್ಷಕ್ಕೊಮ್ಮೆ ಕೇಕಿನ ನೆಪದಿಂದ ಪ್ರವೇಶಿಸುತ್ತದೆ.

ಇಷ್ಟಕ್ಕೂ ರಮ್ಮೇ ಏಕೆ? ಇದಕ್ಕೆ ಕಾರಣವಿದೆ. ಹಣ್ಣು, ಏಲಕ್ಕಿ, ಚಕ್ಕೆ, ಲವಂಗಗಳ ಕೆಲವು ಪರಿಮಳಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತವೆ. ಮದ್ಯಸಾರ ಬೇಗ ಆವಿಯಾಗುವುದರಿಂದ ಆ ಪರಿಮಳವನ್ನು ಹೊತ್ತು ಮೂಗಿಗೆ ತಲಪಿಸುತ್ತದೆ. ರಮ್ಮಿನಲ್ಲಿ ಕಾಕಂಬಿಯ ಕಂಪು, ಪೀಪಾಯಿಯ ಮರದಿಂದ ಬಂದ ವೆನಿಲ್ಲಾದ ವಾಸನೆ ಮೊದಲೇ ಇವೆ. ಮೇಲಾಗಿ ಒಣಹಣ್ಣು ಅದನ್ನು ಹೀರಿ ಉಬ್ಬುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಕೇಕು ವಾರಗಟ್ಟಲೆ ಕೆಡುವುದಿಲ್ಲ. ಶೈತ್ಯಪೆಟ್ಟಿಗೆ ಇಲ್ಲದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ.

ಇನ್ನು 'ಆರಿಹೋಗುತ್ತದೆ' ಎಂಬ ಮಾತಿಗೆ ಬರೋಣ. ನಾನು ಇತಿಹಾಸದ ವಿದ್ಯಾರ್ಥಿ, ರಸಾಯನಶಾಸ್ತ್ರದವನಲ್ಲ. ಆದರೂ ಇಷ್ಟು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಮದ್ಯಸಾರ ಕುದಿಯುವುದು ೭೮ ಡಿಗ್ರಿಯಲ್ಲಿ, ನೀರು ೧೦೦ ಡಿಗ್ರಿಯಲ್ಲಿ. ಆದ್ದರಿಂದ ೭೮ ದಾಟಿದೊಡನೆ ಮದ್ಯಸಾರವೆಲ್ಲ ಎದ್ದುಹೋಗುವುದೆಂದು ಜನ ಲೆಕ್ಕ ಹಾಕುತ್ತಾರೆ. ಶುದ್ಧ ಮದ್ಯಸಾರವನ್ನೇ ಒಲೆಯ ಮೇಲಿಟ್ಟರೆ ಆ ಲೆಕ್ಕ ಸರಿ. ನೀರಿನೊಡನೆ, ಹಿಟ್ಟಿನೊಡನೆ, ಹಣ್ಣಿನೊಡನೆ ಬೆರೆತ ಮೇಲೆ ಅದು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ನೀರೂ ಅದೂ ಜೊತೆಯಾಗಿಯೇ ಆವಿಯಾಗುತ್ತ ಹೋಗುತ್ತವೆ. ಕೇಕಿನ ಮೇಲ್ಪದರು ಗಟ್ಟಿಯಾಗಿ ಒಳಗಿನ ಆವಿಯನ್ನು ತಡೆಯುತ್ತದೆ. ಕೇಕು ಬೆಂದು ಹೊರಬರುವಾಗ ಒಳಗಿನ್ನೂ ತೇವವಿರುತ್ತದಷ್ಟೆ? ತೇವ ಉಳಿದ ಕಡೆ ಮದ್ಯಸಾರವೂ ಸ್ವಲ್ಪ ಉಳಿದಿರುತ್ತದೆ.

೧೯೯೨ರಲ್ಲಿ ಅಮೆರಿಕದ ಆಹಾರತಜ್ಞರ ಸಂಘದ ಪತ್ರಿಕೆಯಲ್ಲಿ ಇದರ ಪರೀಕ್ಷೆಯೊಂದು ಪ್ರಕಟವಾಯಿತು. ಮದ್ಯ ಹಾಕಿ ಮಾಡಿದ ಆರು ಬಗೆಯ ಅಡಿಗೆಗಳಲ್ಲಿ ಎಷ್ಟು ಉಳಿಯಿತೆಂದು ಅಳೆದರು. ನೂರಕ್ಕೆ ನಾಲ್ಕರಿಂದ ಹಿಡಿದು ಎಂಬತ್ತೈದರವರೆಗೆ ಉಳಿದಿತ್ತು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಕೊಡುವ ಅಂಕಿಗಳು ಹೀಗಿವೆ: ಕುದಿಯುವ ಪದಾರ್ಥಕ್ಕೆ ಮದ್ಯ ಬೆರೆಸಿ ಕೆಳಗಿಳಿಸಿದರೆ ನೂರಕ್ಕೆ ೮೫ ಪಾಲು ಉಳಿಯುತ್ತದೆ. ಬೆಂಕಿ ಹಚ್ಚಿ ಉರಿಸಿದರೆ ೭೫. ಹಿಟ್ಟಿಗೆ ಬೆರೆಸಿ ಅರ್ಧ ಗಂಟೆ ಬೇಯಿಸಿದರೆ ೩೫, ಒಂದು ಗಂಟೆಗೆ ೨೫, ಎರಡು ಗಂಟೆಗೆ ೧೦, ಎರಡೂವರೆ ಗಂಟೆಗೆ ೫. ಬಿಸಿಯೇ ತಾಗಿಸದೆ ಒಂದು ರಾತ್ರಿ ಇಟ್ಟರೆ ೭೦. ನ್ಯೂ ಆರ್ಲಿಯನ್ಸಿನ ಆ ನೀಲಿ ಜ್ವಾಲೆ ಕಣ್ಣಿಗೆ ಹಬ್ಬ ಮಾಡಿ, ಮುಕ್ಕಾಲು ಪಾಲನ್ನು ತಟ್ಟೆಯಲ್ಲಿಯೇ ಬಿಟ್ಟುಹೋಗುತ್ತದೆ!

ನ್ಯಾಯವಾಗಿ ಹೇಳಬೇಕಾದರೆ ಇನ್ನೊಂದು ಲೆಕ್ಕವನ್ನೂ ಕೊಡಬೇಕು. ಒಂದು ಕಿಲೋ ಕೇಕಿಗೆ ೬೦ ಮಿಲಿ ರಮ್ಮು ಹಾಕಿದರೆನ್ನಿ. ನೂರಕ್ಕೆ ೪೨.೮ರ ರಮ್ಮಿನಲ್ಲಿ ಅಷ್ಟಕ್ಕೆ ಸುಮಾರು ೨೦ ಗ್ರಾಂ ಮದ್ಯಸಾರವಿರುತ್ತದೆ. ಹಿಟ್ಟಿಗೆ ಬೆರೆಸಿ ಒಂದು ಗಂಟೆ ಬೇಯಿಸಿದರೆ ಉಳಿಯುವುದು ೫ ಗ್ರಾಂ. ಇಪ್ಪತ್ತು ಹೋಳು ಮಾಡಿದರೆ ಹೋಳಿಗೆ ಕಾಲು ಗ್ರಾಂ. ಬೆಂದ ಮೇಲೆ ಸುರಿದಿದ್ದರೆ ೧೪ ಗ್ರಾಂ ಉಳಿದು, ಹೋಳಿಗೆ ಮುಕ್ಕಾಲು ಗ್ರಾಮಿಗೆ ಸ್ವಲ್ಪ ಕಡಿಮೆ. ಮೂವತ್ತು ಮಿಲಿಯ ಒಂದು ಸಣ್ಣ ಪೆಗ್ಗಿನಲ್ಲಿ ೧೦ ಗ್ರಾಂ ಇರುತ್ತದೆ. ಅಂದರೆ ಒಂದು ಹೋಳು ಕೇಕು ತಿಂದು ಯಾರಿಗೂ ಅಮಲೇರುವುದಿಲ್ಲ. ಕೇಕು ತಿಂದು ತೂರಾಡಿದವರ ಕಥೆ ಹೇಳುವವರು ಬೇರೇನನ್ನೋ ತಿಂದೋ ಕುಡಿದೋ ಇದ್ದವರ ಕಥೆ ಹೇಳುತ್ತಿದ್ದಾರೆ. ಆದರೆ ವಾರವಾರವೂ ರಮ್ಮು ಕುಡಿಸುತ್ತ ತಿಂಗಳುಗಟ್ಟಲೆ ಇಟ್ಟ ಕೇಕಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅಲ್ಲಿ ಎಷ್ಟಿದೆ ಎಂಬುದು ಕುಡಿಸಿದವರ ಕೈಯ ಮೇಲೆ ನಿಂತಿದೆ.

ಹಾಗಾದರೆ ಇಷ್ಟು ಚೂರಿಗೆ ಇಷ್ಟು ಗದ್ದಲವೇಕೆ ಎಂದು ಕೇಳುವಿರಿ. ಡಿಸೆಂಬರ್ ತಿಂಗಳಲ್ಲಿಯೇ ನಮ್ಮ ತರಗತಿಯ ಎಷ್ಟು ಹುಡುಗರು ಅಯ್ಯಪ್ಪನ ಮಾಲೆ ಹಾಕಿರುತ್ತಾರೆಂಬುದನ್ನು ನೋಡಿ. ನಲವತ್ತೊಂದು ದಿನದ ವ್ರತದಲ್ಲಿರುವವನಿಗೆ ಕಾಲು ಗ್ರಾಂ ಎಂದರೇನು, ಕಾಲು ಸೇರು ಎಂದರೇನು? ಮುಸಲ್ಮಾನ ಸ್ನೇಹಿತರಿಗೆ ಮದ್ಯ ನಿಷಿದ್ಧ. ಕ್ರೈಸ್ತರಲ್ಲಿಯೇ ಮದ್ಯವನ್ನು ಮುಟ್ಟದ ಪಂಗಡಗಳುಂಟು. ಇವರೆಲ್ಲ ಅಮಲೇರೀತೆಂಬ ಭಯದಿಂದ ಕೇಳುವುದಿಲ್ಲ. ತಾವು ಇಟ್ಟುಕೊಂಡ ಒಂದು ನೇಮವನ್ನು ಕಾಯ್ದುಕೊಳ್ಳುವುದಕ್ಕಾಗಿ ಕೇಳುತ್ತಾರೆ. ಅವರಿಗೆ ಪ್ರಮಾಣದ ಲೆಕ್ಕ ಒಪ್ಪಿಸುವುದು ಉದ್ಧಟತನ.

ನೇಮದ ಮಾತು ಬಿಡಿ, ಔಷಧಿಯ ಮಾತು ಕೇಳಿ. ಕುಡಿತವನ್ನು ಬಿಡುವವರಿಗೆ ವೈದ್ಯರು ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಕೊಡುವುದುಂಟು. ದೇಹವು ಮದ್ಯಸಾರವನ್ನು ಜೀರ್ಣಿಸುವಾಗ ನಡುವೆ ಹುಟ್ಟುವ ಒಂದು ವಿಷವಸ್ತು ಈ ಮಾತ್ರೆಯಿಂದ ಅಲ್ಲಿಯೇ ತಡೆದು ನಿಲ್ಲುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿರುವವನು ಸ್ವಲ್ಪ ಮದ್ಯ ಮುಟ್ಟಿದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯವುಂಟು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಗುಣ ಉಳಿದಿರಬಹುದು. ಕೆಮ್ಮಿನ ಔಷಧಿ, ಮದ್ಯ ಹಾಕಿದ ಅಡಿಗೆ ಇವುಗಳಿಂದಲೂ ದೂರವಿರಬೇಕೆಂದು ವೈದ್ಯರು ಎಚ್ಚರಿಸಿ ಕಳಿಸುತ್ತಾರೆ.

ನನ್ನ ಸೋದರಮಾವ ಈ ಮಾತ್ರೆ ತೆಗೆದುಕೊಂಡವರು. ಎರಡು ಎಕರೆ ಕಬ್ಬಿನ ಗದ್ದೆ. ಹದಿನೈದು ವರ್ಷ ಅದರ ಹಣವೆಲ್ಲ ಹೋದ ದಾರಿ ಊರಿಗೆಲ್ಲ ಗೊತ್ತಿತ್ತು. ಬಿಟ್ಟು ಒಂಬತ್ತು ತಿಂಗಳಾಗಿತ್ತು. ಬಿಟ್ಟವರಿಗೆ ಸಿಹಿಯ ಚಪಲ ಹೆಚ್ಚು. ಬೆಂಗಳೂರಿನಿಂದ ಬಂದ ನೆಂಟರ ಹುಡುಗ ಒಂದು ಅಂಗಡಿಯ ಕೇಕು ತಂದಿದ್ದ. ರಟ್ಟಿನ ಪೆಟ್ಟಿಗೆಯ ಮೇಲೆ ಗಂಟೆ, ನಕ್ಷತ್ರ, ಹಸಿರೆಲೆಗಳ ಚಿತ್ರ; ಒಳಗೇನಿದೆಯೆಂಬ ಬರಹವಿಲ್ಲ. ಮಾವ ನಾಲ್ಕೈದು ಹೋಳು ತಿಂದರು. ಅರ್ಧ ಗಂಟೆಯಲ್ಲಿ ಮುಖ ಕೆಂಡವಾಯಿತು, ಕೈಕಾಲು ನಡುಗಿದವು, ವಾಂತಿ. ಬಾಯಿಯ ಹತ್ತಿರ ಬಾಗಿದ ಅತ್ತೆಗೆ ರಮ್ಮಿನ ವಾಸನೆ ಹೊಡೆಯಿತು. "ಮತ್ತೆ ಶುರು ಹಚ್ಕೊಂಡ್ರಾ?" ಎಂದಷ್ಟೇ ಕೇಳಿ ಅತ್ತೆ ನಡುಮನೆಯಿಂದ ಎದ್ದುಹೋದರು. ತಾಲ್ಲೂಕು ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಮಾವ ಚೇತರಿಸಿಕೊಂಡರು. ದೇಹಕ್ಕೆ ಆದದ್ದು ಅಷ್ಟೆ. ಆದರೆ ಆ ಹೊತ್ತಿನವರೆಗೆ ಅವರು "ಕುಡಿದಿಲ್ಲ" ಎಂದು ಎಷ್ಟು ಸಲ ಹೇಳಿದರೂ ನಂಬಿದವರಿಲ್ಲ. ಹದಿನೈದು ವರ್ಷ ಇದೇ ಮಾತನ್ನು ಸುಳ್ಳಾಗಿ ಹೇಳಿದ್ದವರಲ್ಲವೆ? ನಿಜವಾಗಿ ಹೇಳಿದ ದಿನ ಅದಕ್ಕೆ ಬೆಲೆಯಿಲ್ಲದಾಯಿತು. ಮಾರನೆಯ ದಿನ ಆ ನೆಂಟರ ಹುಡುಗ ಅಂಗಡಿಗೆ ಫೋನು ಮಾಡಿ ವಿಚಾರಿಸಿದ. ಅಲ್ಲಿಂದ ಬಂದ ಉತ್ತರ: "ಹೌದು ಸಾರ್, ರಮ್ಮು ಹಾಕ್ತೀವಿ. ಆದರೆ ಬೇಯುವಾಗ ಎಲ್ಲ ಹೋಗಿರುತ್ತೆ."

ಆ ಅಂಗಡಿಯವರು ಕೆಟ್ಟವರೆಂದು ನಾನು ಹೇಳಲಾರೆ. ಅವರೂ ಯಾರಿಂದಲೋ ಕೇಳಿದ್ದನ್ನೇ ಹೇಳಿದರು. ಕೆಡುಕಿರುವುದು ಆ ಮಾತಿನಲ್ಲಿ. ಅದು ಹೇಳಿದವನನ್ನು ಜವಾಬ್ದಾರಿಯಿಂದ ಬಿಡಿಸುತ್ತದೆ. ಕೇಳಿದವನನ್ನು ಬಾಯಿ ಮುಚ್ಚಿಸುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ನಮ್ಮ ಹಾಸ್ಟೆಲಿನಲ್ಲಿ ಈ ವಿಷಯದ ಚರ್ಚೆ ಒಂದಕ್ಕಿಂತ ಹೆಚ್ಚು ರಾತ್ರಿ ನಡೆದಿದೆ. ಹುದುಗಿ ಉಬ್ಬಿದ ಬ್ರೆಡ್ಡಿನಲ್ಲಿಯೂ ಚೂರು ಮದ್ಯಸಾರ ಇರುತ್ತದೆ, ಕಳಿತ ಬಾಳೆಹಣ್ಣಿನಲ್ಲಿಯೂ ಇರುತ್ತದೆ. ಕೇಕಿಗೆ ಹಾಕುವ ಅಸಲಿ ವೆನಿಲ್ಲಾ ಸಾರದಲ್ಲಿ, ಅಮೆರಿಕದ ನಿಯಮದಂತೆ, ನೂರಕ್ಕೆ ೩೫ಕ್ಕೆ ಕಡಿಮೆಯಿಲ್ಲದಷ್ಟು ಮದ್ಯಸಾರವಿರಬೇಕು. ಇವಕ್ಕೆಲ್ಲ ಚೀಟಿ ಅಂಟಿಸುತ್ತೀರೇನು ಎಂದು ಒಬ್ಬ ಮಿತ್ರ ಕೇಳಿದ. ಪ್ರಶ್ನೆ ಚೆನ್ನಾಗಿದೆ. ಬಾಳೆಹಣ್ಣಿನಲ್ಲಿ ತಾನಾಗಿ ಹುಟ್ಟಿದ್ದು ಬೇರೆ, ಸೀಸೆಯ ಬಿರಡೆ ತೆಗೆದು ಸುರಿದದ್ದು ಬೇರೆ. ವೆನಿಲ್ಲಾ ಒಂದು ಕೇಕಿಗೆ ಒಂದು ಚಿಕ್ಕ ಚಮಚ. ರಮ್ಮು ಬಟ್ಟಲಿನ ಲೆಕ್ಕ. ಎಲ್ಲಿ ಗೆರೆ ಎಳೆಯಬೇಕೆಂಬುದು ಕಷ್ಟವೆಂದ ಮಾತ್ರಕ್ಕೆ ಗೆರೆಯೇ ಬೇಡವೆಂದು ಹೇಳುವುದು ನ್ಯಾಯವಲ್ಲ.

ನಮ್ಮ ಸಂಪ್ರದಾಯವನ್ನೇ ನೋಡಿ. ಮಂಗಳೂರಿನ ಕಡೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸನ್ನಾ ಉಬ್ಬಿಬರಲು ಹಿಟ್ಟಿಗೆ ಕಳ್ಳು ಹಾಕುವ ಪದ್ಧತಿ ಹಳೆಯದು. ಯಾರೂ ಅದನ್ನು ಮುಚ್ಚಿಡುವುದಿಲ್ಲ; ಸನ್ನಾ ಎಂದರೆ ಕಳ್ಳಿನ ಹುದುಗು ಎಂದು ತಿನ್ನುವವನಿಗೂ ಗೊತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪಿತೃಪಕ್ಷದ ಎಡೆಯಲ್ಲಿ ಸತ್ತ ಹಿರಿಯರಿಗೆ ಪ್ರಿಯವಾದ ಬೀಡಿ, ಮಾಂಸ, ಮದ್ಯವನ್ನೂ ಇಡುವ ಮನೆಗಳಿವೆ. ಎಡೆಯ ಮುಂದೆ ಸೀಸೆ ನೇರವಾಗಿ ನಿಂತಿರುತ್ತದೆ. ನೋಡಿದವರು ಪ್ರಸಾದವನ್ನು ತೆಗೆದುಕೊಳ್ಳುತ್ತಾರೆ, ಅಥವಾ ಬಿಡುತ್ತಾರೆ. ಮದ್ಯದೊಡನೆ ನಮ್ಮ ಜನ ಹೀಗೆ ಬಹಿರಂಗವಾಗಿ ವ್ಯವಹರಿಸಿದ್ದಾರೆ. ಮರೆಮಾಚಿ ಬಡಿಸುವ ಪದ್ಧತಿ ಆ ಹಳ್ಳಿಗಳಿಂದ ಬಂದದ್ದಲ್ಲ.

ಸರ್ಕಾರದ ನಿಯಮವೂ ಇಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. ಪೊಟ್ಟಣದಲ್ಲಿ ಮಾರುವ ಕೇಕಿನಲ್ಲಿ ಮೊಟ್ಟೆಯಿದ್ದರೆ ಮಾಂಸಾಹಾರದ ಕಂದು ಗುರುತು ಇರಲೇಬೇಕು, ಇಲ್ಲದಿದ್ದರೆ ಹಸಿರು. ಓದು ಬಾರದ ಅಜ್ಜಿಯೂ ಆ ಬಣ್ಣವನ್ನು ನೋಡಿ ತಿಳಿದುಕೊಳ್ಳುತ್ತಾಳೆ. ಮದ್ಯಕ್ಕೆ ಅಂಥ ಬಣ್ಣದ ಗುರುತಿಲ್ಲ. ಮೊಟ್ಟೆಯಿಲ್ಲದೆ ರಮ್ಮು ಹಾಕಿದ ಕೇಕು ಹಸಿರು ಗುರುತು ಹೊತ್ತುಕೊಂಡು ಬರಬಹುದು! ಪದಾರ್ಥಗಳ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಹೆಸರಿದ್ದರೆ ಇದ್ದೀತು. ಕನ್ನಡ ಮಾತ್ರ ಓದಬಲ್ಲ ನನ್ನ ತಂದೆಗೆ ಆ ಪಟ್ಟಿ ಇದ್ದೂ ಇಲ್ಲದಂತೆ. ಬಿಡಿಬಿಡಿಯಾಗಿ ಕತ್ತರಿಸಿ ಮಾರುವ ಹೋಳಿಗಂತೂ ಪಟ್ಟಿಯ ಮಾತೇ ಇಲ್ಲ. ಸಂವಿಧಾನದ ೪೭ನೆಯ ವಿಧಿಯಲ್ಲಿ ಪಾನನಿಷೇಧವನ್ನು ಗುರಿಯಾಗಿ ಇಟ್ಟುಕೊಂಡ ದೇಶ ನಮ್ಮದು. ೨೦೦೭ರ ಜುಲೈ ಒಂದರಿಂದ ಸಾರಾಯಿಯನ್ನು ನಿಲ್ಲಿಸಿದ ರಾಜ್ಯ ನಮ್ಮದು. ಅಷ್ಟೆಲ್ಲ ಮಾಡಬಲ್ಲವರಿಗೆ ಒಂದು ಬಣ್ಣದ ಚುಕ್ಕೆ ಕಷ್ಟವೆ? ಪ್ಲಮ್ ಕೇಕಿನ ಪೆಟ್ಟಿಗೆಯ ಮೇಲೆ 'ರಮ್ಮು ಇದೆ' ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದರೆ ವ್ಯಾಪಾರ ಕುಗ್ಗುವುದಿಲ್ಲ. ಬೇಕಾದವರು ಅದನ್ನೇ ನೋಡಿ ಕೊಳ್ಳುತ್ತಾರೆಂಬುದು ನನ್ನ ಅನುಮಾನ.

ಕಾನೂನು ಬರುವವರೆಗೆ ಕಾಯಬೇಕಾದ್ದಿಲ್ಲ. ನಮ್ಮ ಕಾಲೇಜಿನಲ್ಲಿ ಕ್ರಿಸ್ಮಸ್ ಆಚರಣೆಗೆ ಕೇಕು ಹಂಚುವಾಗ ಎರಡು ತಟ್ಟೆ ಇಡೋಣ. ಒಂದರ ಮುಂದೆ ರಮ್ಮು ಇದೆ ಎಂಬ ಚೀಟಿ, ಇನ್ನೊಂದರ ಮುಂದೆ ಇಲ್ಲವೆಂಬ ಚೀಟಿ. ಯಾರು ಯಾವ ತಟ್ಟೆಗೆ ಕೈ ಹಾಕಿದರೆಂದು ಯಾರೂ ಲೆಕ್ಕವಿಡಬಾರದು. ಏಕೆ ಬೇಡವೆಂದು ಕೇಳಲೂಬಾರದು. ಬೇಡ ಎಂದವನು ವ್ರತದಲ್ಲಿದ್ದಾನೋ ಮಾತ್ರೆಯಲ್ಲಿದ್ದಾನೋ ಅದು ಅವನ ಸ್ವಂತ ವಿಚಾರ. ಅಧ್ಯಾಪಕವೃಂದದವರು ಈ ಸಲಹೆಯನ್ನು ಮನ್ನಿಸುವರೆಂದು ನಂಬಿದ್ದೇನೆ.

ರಮ್ಮಿಲ್ಲದೆ ಆ ರುಚಿ ಬಾರದು ಎನ್ನುವವರ ಮಾತು ಅರ್ಧ ಸತ್ಯ. ಕಳೆದ ರಜೆಯಲ್ಲಿ ಅತ್ತೆಯ ಅಡಿಗೆಮನೆಯಲ್ಲಿ ನಾವು ಪ್ರಯತ್ನಿಸಿದ್ದು ಹೀಗೆ: ಒಣದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿಗಳನ್ನು ಕಿತ್ತಳೆಯ ರಸ ಮತ್ತು ಗಟ್ಟಿಯಾಗಿ ಕುದಿಸಿದ ಹಾಲಿಲ್ಲದ ಚಹದಲ್ಲಿ ಒಂದು ರಾತ್ರಿ ನೆನೆಹಾಕಿದೆವು. ಸಕ್ಕರೆಯ ಬದಲು ಆಲೆಮನೆಯ ಕಪ್ಪು ಬೆಲ್ಲ. ಮೇಲೆ ಸ್ವಲ್ಪ ಸುಟ್ಟ ಸಕ್ಕರೆಯ ಪಾಕ, ಚಕ್ಕೆ, ಲವಂಗ, ಜಾಯಿಕಾಯಿ. ದಪ್ಪತಳದ ಪಾತ್ರೆಯಲ್ಲಿ ಮರಳು ಹರಡಿ, ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದೆವು. ಮೂಗಿಗೆ ಏರುವ ಆ ಚುರುಕು ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬಣ್ಣ ಬಂತು, ಮೆತ್ತಗೆ ಬಂತು, ಬೆಲ್ಲದ ಕಂಪು ಬಂತು. ಮಾವ ಮೊದಲನೆಯ ಹೋಳನ್ನು ಅತ್ತೆಯ ಕೈಗೆ ಕೊಟ್ಟು, ಅವರು ತಿಂದ ಮೇಲೆ ತಾವು ತಿಂದರು. ರಮ್ಮಿನ ಕೇಕಿನಂತೆ ಇದು ತಿಂಗಳುಗಟ್ಟಲೆ ಬಾಳುವುದಿಲ್ಲ. ನಾಲ್ಕೈದು ದಿನದೊಳಗೆ ತಿಂದು ಮುಗಿಸಬೇಕು. ಹಾಸ್ಟೆಲಿಗೆ ಕಟ್ಟಿ ತಂದ ಉಳಿದ ಅರ್ಧ ರಾತ್ರಿ ಎಂಟು ಗಂಟೆಗೆ ಬಂದು ಎಂಟೂಕಾಲಿಗೆ ಮುಗಿದಿತ್ತು.